ಬಲಭುಜ ಸ್ವಲ್ಪ ಕೆಳಗೆ

ಜಿದ್ದಾ
6-2-1987, ಶುಕ್ರವಾರ

ಮೈಮೂನತಿಗೆ ಮೊಯ್ದುವಿನ ಸಲಾಂ.

ನನ್ನ ಆರೋಗ್ಯ, ಇಲ್ಲಿಯ ಹವೆ, ರೂಮಿನ ಊಟ ಎಲ್ಲ ಕಳೆದ ಕಾಗದದಲ್ಲಿ ಬರೆದದ್ದೇ. ಅದನ್ನೇ ಇನ್ನೊಮ್ಮೆ ಓದಿಕೋ. ಇದರಲ್ಲಿ ಬೇರೆ ವಿಷಯ ಉಂಟು.

ಈ ಕಾಗದ ತಂದ ನಮ್ಮ ಅಂಗಡಿಯ ಅಬ್ದುಲ್ಲ ಕುಂಞಿಯ ಕೈಯಲ್ಲಿ ಒಂದು ಕಟ್ಟು ಕೊಟ್ಟಿದ್ದೇನೆ. ಒಳಗೆ ನಾಲ್ಕು ಅಡಿ ಬಿಳಿ ರೇಷ್ಮೆ ಬಟ್ಟೆ, ಹದಿನೆಂಟು ಲಡಿ ಕಪ್ಪು ದಾರ, ಒಂದು ಚಿತ್ರ. ಚಿತ್ರ ನೋಡಿ ಹೆದರಬೇಡ. ಅದು ಬಾವುಟ.

ನಮ್ಮ ಟೈಲರ್ ಅಂಗಡಿಗೆ ಒಬ್ಬ ಫ್ರೆಂಚ್ ಸಾಹೇಬ ಬಂದಿದ್ದ. ಇಲ್ಲಿ ನೆಲದಡಿ ಪೈಪು ಹಾಕುವ ಕಂಪನಿಯ ಫೋರ್ಮನ್. ಹೆಸರು ಬತ್ತೆಸ್ತಿ. ಹೆಸರಿನಲ್ಲಿ ಬತ್ತ ಉಂಟು, ಬಾಯಿ ತೆರೆದರೆ ಹೊಟ್ಟು ಹಾರುತ್ತದೆ, ಅಷ್ಟು ಮಾತು. ಫ್ರಾನ್ಸಿಗೆ ಸೇರಿದ ಕಾರ್ಸಿಕಾ ಅಂತ ಒಂದು ದ್ವೀಪ ಉಂಟಂತೆ, ಅವನು ಆ ಊರಿನವ. ನಾಲ್ಕೈದು ವರ್ಷದಿಂದ ಅಲ್ಲಿಗೆ ಅವರದೇ ಒಂದು ಸಭೆ ಆಗಿದೆ, ಓಟು ಹಾಕಿ ಆರಿಸಿದ್ದು. ನಮ್ಮಲ್ಲಿ ಮೊನ್ನೆ ಜಿಲ್ಲಾ ಪರಿಷತ್ತಿಗೆ ಓಟು ಆಯಿತಲ್ಲ, ಹಾಗೆ ಅಂತ ಇಟ್ಟುಕೋ. ಆ ಸಭೆಯವರು ಮೂರು ಮಂದಿ ಜೂನ್ ಹತ್ತಕ್ಕೆ ಇಲ್ಲಿಯ ಕ್ಯಾಂಪಿಗೆ ಬರುತ್ತಾರೆ. ಅವತ್ತಿನ ಊಟದ ಹಾಲಿನಲ್ಲಿ ಹಾಕಲಿಕ್ಕೆ ದ್ವೀಪದ ಬಾವುಟ ಬೇಕು, ಕೈಹೊಲಿಗೆಯದ್ದೇ ಬೇಕು. ಪ್ರಿಂಟು ಹಾಕಿಸಿ ಕೊಡುತ್ತೇವೆ ಅಂದರೆ ಅವನ ಮುಖ ಹುಣಸೆಹಣ್ಣು ತಿಂದ ಹಾಗಾಯಿತು.

ಬಾವುಟ ಎಂತ ಗೊತ್ತುಂಟಾ? ಬಿಳಿ ಬಟ್ಟೆ, ನಡುವೆ ಒಂದು ಕಪ್ಪು ಮೋರೆ, ಹಣೆಗೆ ಬಿಳಿ ಪಟ್ಟಿ. ಅಷ್ಟೇ. ತಮಾಷೆ ಕೇಳು. ಅವನು ಬೆರಳಿಟ್ಟು ತೋರಿಸಿ ‘ತೆಸ್ತಾ ಮೋರಾ, ತೆಸ್ತಾ ಮೋರಾ’ ಅಂತ ಹತ್ತು ಸಲ ಹೇಳಿದ. ಅವರೂ ಮೋರೆಗೆ ಮೋರೆ ಅಂತಲೇ ಹೇಳುವುದು ಮಾರಾಯ್ತಿ! ತೆಸ್ತಾ ಅಂದರೆ ಕಪ್ಪು ಇರಬೇಕು. ಸಮುದ್ರದ ಆಚೆ ನಮ್ಮ ಮಾತು ಎಷ್ಟು ದೂರ ಹೋಗಿದೆ ನೋಡು. ನಾನೂ ‘ಮೋರೆ, ಮೋರೆ’ ಅಂತ ನನ್ನ ಮುಖ ಮುಟ್ಟಿ ತೋರಿಸಿದೆ. ಅವನಿಗೆ ಎಂತ ಅನಿಸಿತೋ, ನನ್ನನ್ನು ಅಪ್ಪಿಕೊಂಡ.

ಮೆಷಿನಿಗೆ ಇದು ಹತ್ತುವುದಿಲ್ಲ. ನಿನ್ನ ಟೊಪ್ಪಿ ಹೊಲಿಗೆಯ ಕೈ ಬೇಕು, ನಿನ್ನ ತಳಂಗರೆ ಅಜ್ಜಿ ಕಲಿಸಿದ ಆ ಸಣ್ಣ ಹೊಲಿಗೆ. ಇದು ಸರಿಯಾದರೆ ನನ್ನನ್ನು ಕಟಿಂಗ್ ಮಾಸ್ಟರ್ ಮಾಡುತ್ತೇನೆ ಅಂತ ಅಂಗಡಿ ನಡೆಸುವ ಅಬ್ದುಲ್ ಅಝೀಝ್ ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ. ಎಂಟು ವರ್ಷದಿಂದ ಕಾಜಾ ಹೊಲಿಯುತ್ತಾ ಕೂತಿದ್ದೇನೆ. ಇನ್ನಾದರೂ ಕತ್ತರಿ ಕೈಗೆ ಬರಲಿ.

ಅಬ್ದುಲ್ಲ ಕುಂಞಿ ಏಪ್ರಿಲ್ ಮೂರಕ್ಕೆ ವಾಪಸು ಹೊರಡುತ್ತಾನೆ. ಅಷ್ಟರೊಳಗೆ ಮುಗಿಸು. ಉಮ್ಮನಿಗೆ ಸಲಾಂ ಹೇಳು.

ಮೊಯ್ದು

---

ಉಳ್ಳಾಲ
24-2-1987

ನಿಮಗೆ ಮೈಮೂನತ್ ಮಾಡುವ ಸಲಾಂ.

ಕಟ್ಟು ಬಂತು. ಚಿತ್ರ ಬಿಡಿಸಿದ ಕೂಡಲೇ ನಿಮ್ಮ ಉಮ್ಮ ‘ಯಾ ಅಲ್ಲಾಹ್, ಇದು ಯಾವ ಪಿಶಾಚಿ’ ಅಂತ ಕೂಗಿ ಪಕ್ಕದ ಮನೆಯ ಝುಬೈದಾಳನ್ನು ಕರೆದರು. ಅಬ್ದುಲ್ಲ ಕುಂಞಿಯ ಹೆಂಡತಿ ಅಲ್ವಾ, ಅವಳಿಗೆ ಮೊದಲೇ ಗೊತ್ತಿತ್ತು. ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು.

ಮೋರೆ ಹೊಲಿಯಬಹುದಾ ಅಂತ ಮದ್ರಸದ ಉಸ್ತಾದರ ಹತ್ತಿರ ಕೇಳಿದೆ. ತಲೆ ಇಲ್ಲದ ಚಿತ್ರ ಆದರೆ ಅಡ್ಡಿಯಿಲ್ಲ ಅಂದರು. ಇದು ಮೈ ಇಲ್ಲದ ತಲೆ ಉಸ್ತಾದರೇ ಅಂದೆ. ಅವರಿಗೆ ನಗು ತಡೆಯಲಿಲ್ಲ. ಹೊಟ್ಟೆಪಾಡಿನ ಕೆಲಸ, ನೆರಳಿನ ಹಾಗೆ ಕಪ್ಪು ಮಾಡಿಬಿಡು, ಕಣ್ಣಿಗೆ ಪಾಪೆ ಇಡಬೇಡ ಅಂತ ಹೇಳಿ ಕಳಿಸಿದರು.

ಈಗ ನನ್ನ ಪ್ರಶ್ನೆ. ಕುತ್ತಿಗೆಯ ಕೆಳಗೆ ಎಂತ ಇಲ್ಲವಾ? ಮನುಷ್ಯ ಎಲ್ಲಿ ಹೋದ? ದಕ್ಕೆಯಲ್ಲಿ ಅಂಜಲ್ ಮೀನಿನ ತಲೆ ಕಡಿದು ಇಟ್ಟ ಹಾಗೆ ಉಂಟು. ಬಾವುಟ ಅಂತ ನೀವು ಬರೆದದ್ದಕ್ಕೆ ನಂಬಿದೆ.

ಆದರೆ ಒಂದು ವಿಷಯ ನನಗೆ ಬಹಳ ಹಿಡಿಸಿತು. ನೀವು ಪಟ್ಟಿ ಅಂತ ಬರೆದಿದ್ದೀರಿ. ಅದು ಪಟ್ಟಿ ಅಲ್ಲ, ಮುಂಡಾಸು. ಹಿಂದೆ ಗಂಟು ಕಾಣುವುದಿಲ್ಲವಾ? ಮಂಗಳೂರು ಬಂದರಿನಲ್ಲಿ ಮೂಟೆ ಹೊರುವವರು ಕಟ್ಟುವುದು ಹಾಗೆಯೇ, ಬೆವರು ಕಣ್ಣಿಗೆ ಇಳಿಯಬಾರದು ಅಂತ. ಇವನು ಆ ದ್ವೀಪದ ಹಮಾಲಿ ಇರಬೇಕು. ಹಮಾಲಿಯ ಮೋರೆಯನ್ನು ಬಾವುಟದಲ್ಲಿ ಹಾಕಿ ಮೇಲೆ ಹಾರಿಸುವ ಊರು ದೊಡ್ಡದೇ ಮಾರಾಯ್ರೇ. ನಮ್ಮ ಜಿಲ್ಲಾ ಪರಿಷತ್ತಿನವರು ಹಾಕುತ್ತಾರಾ? ಅದಕ್ಕೇ ಹೊಲಿಯುತ್ತೇನೆ. ನಿಮ್ಮ ಮಾಸ್ಟರ್ ಕೆಲಸಕ್ಕೆ ಅಲ್ಲ.

ಒಂದೇ ಶರತ್ತು. ಇದನ್ನು ಯಾರು ಹೊಲಿದದ್ದು ಅಂತ ಆ ಬತ್ತೆಸ್ತಿ ಕೇಳಿದರೆ ನನ್ನ ಹೆಸರು ಹೇಳಬೇಕು. ‘ನನ್ನ ಹೆಂಡತಿ ಮೈಮೂನತ್, ಬಂದರಿನ ಅಲಿಯಬ್ಬನ ಮಗಳು’ ಅಂತ ಪೂರ್ತಿ ಹೇಳಬೇಕು. ಹೇಳುತ್ತೇನೆ ಅಂತ ಬರೆದು ಕಳಿಸಿ.

ಮೈಮೂನತ್

---

ಜಿದ್ದಾ
13-3-1987, ಶುಕ್ರವಾರ

ಮೈಮೂನ,

ನೀನು ಒಪ್ಪಿದ್ದು ಸಂತೋಷ. ಹಮಾಲಿಯೋ ರಾಜನೋ, ನಮಗೆಂತಕ್ಕೆ? ಚಿತ್ರದಲ್ಲಿ ಇದ್ದ ಹಾಗೆ ಮಾಡು, ಅಷ್ಟು ಸಾಕು. ಕುತ್ತಿಗೆ ಎಲ್ಲಿ ನಿಂತಿದೆಯೋ ಅಲ್ಲಿಯೇ ನಿಲ್ಲಿಸು. ನೀನು ಹಾಗೆ ಸುಮ್ಮನೆ ನಿಲ್ಲಿಸುವವಳಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೆಸರಿನ ವಿಷಯ ಆಮೇಲೆ ನೋಡುವ. ಇಲ್ಲಿ ಗಿರಾಕಿಗಳು ಹಾಗೆಲ್ಲ ಕೇಳುವುದಿಲ್ಲ. ಮನೆ ಹೆಂಗಸರ ಹೆಸರು ಅಂಗಡಿಯಲ್ಲಿ ಹೇಳುವ ಕ್ರಮವೂ ಇಲ್ಲ. ಅಝೀಝ್ ಸಾಹೇಬರು ದಿನಾ ‘ಎಂತ, ಆಯ್ತಾ? ಎಂತ, ಆಯ್ತಾ?’ ಅಂತ ನನ್ನ ತಲೆ ತಿನ್ನುತ್ತಿದ್ದಾರೆ. ಬೇಗ ಕಳಿಸು.

ನಿನಗೆ ಒಂದು ಕೈಗಡಿಯಾರ ನೋಡಿಟ್ಟಿದ್ದೇನೆ.

ಮೊಯ್ದು

---

ಉಳ್ಳಾಲ
2-4-1987

ಸಲಾಂ.

ನಾಳೆ ಅಬ್ದುಲ್ಲ ಕುಂಞಿ ಹೊರಡುತ್ತಾನೆ, ಕಟ್ಟು ಕೊಡುತ್ತಿದ್ದೇನೆ. ಐದು ವಾರ ಹಗಲು ಬೆಳಕಿನಲ್ಲಿ ಕೂತು ಹೊಲಿದದ್ದು. ಹದಿನೆಂಟು ಲಡಿಯಲ್ಲಿ ಅರ್ಧ ಲಡಿ ಮಾತ್ರ ಉಳಿದಿದೆ.

ಮೂರು ಮಾತು ಹೇಳಿಬಿಡುತ್ತೇನೆ, ಬೈಯಬೇಡಿ. ಬೈದರೂ ನನಗೆ ಕೇಳಿಸುವುದಿಲ್ಲ.

ಹಣೆಯ ಮುಂಡಾಸು ದಾರದ್ದಲ್ಲ, ಬಟ್ಟೆ ಇಟ್ಟು ಹೊಲಿದಿದ್ದೇನೆ. ಸ್ವಲ್ಪ ಹಳದಿ ಕಾಣಬಹುದು. ಯಾವ ಬಟ್ಟೆ ಅಂತ ಕೇಳಬೇಡಿ.

ಎರಡನೆಯದು, ನಾನು ಅವನಿಗೆ ಭುಜ ಕೊಟ್ಟಿದ್ದೇನೆ. ಚಿತ್ರದಲ್ಲಿ ಇಲ್ಲ, ಗೊತ್ತುಂಟು. ಕಡಿದ ಕುತ್ತಿಗೆಯಲ್ಲಿ ಸೂಜಿ ನಿಲ್ಲಿಸಲಿಕ್ಕೆ ನನ್ನಿಂದ ಆಗಲಿಲ್ಲ. ತಲೆ ಇದ್ದವನಿಗೆ ಭುಜ ಇರಲೇಬೇಕು, ಅದರಲ್ಲಿಯೂ ಹಮಾಲಿಗೆ. ಆ ಊರಿನವರಿಗೆ ಬಿಡಿಸಲಿಕ್ಕೆ ಮರೆತುಹೋಗಿರಬೇಕು.

ಮತ್ತೆ ಬಲಭುಜ ಸ್ವಲ್ಪ ಕೆಳಗೆ ಉಂಟು. ತಪ್ಪಿ ಆದದ್ದಲ್ಲ. ಯಾರಾದರೂ ಸರಿ ಮಾಡುತ್ತೇನೆ ಅಂತ ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದರೆ ಕೈ ಹಿಡಿದು ನಿಲ್ಲಿಸಿ.

ಕೈಗಡಿಯಾರ ಬೇಡ. ಹೆಸರಿನ ಮಾತಿಗೆ ನೀವು ಉತ್ತರ ಕೊಡಲಿಲ್ಲ.

ಮೈಮೂನತ್

---

ಜಿದ್ದಾ
10-4-1987, ಶುಕ್ರವಾರ

ಮೈಮೂನ,

ಎಂತ ಮಾಡಿ ಹಾಕಿದೆ ಮಾರಾಯ್ತಿ ನೀನು!

ಮೊದಲು ಒಳ್ಳೆಯದು ಹೇಳುತ್ತೇನೆ. ಕಟ್ಟು ಬಿಚ್ಚಿದಾಗ ಅಂಗಡಿಯವರೆಲ್ಲ ಎದ್ದು ಬಂದರು. ಮೆಷಿನುಗಳೆಲ್ಲ ನಿಂತವು. ಅಝೀಝ್ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. ಆ ಕೆನ್ನೆ, ಆ ಮೂಗಿನ ಏಣು! ದೀಪದ ಕೆಳಗೆ ಹಿಡಿದರೆ ದಾರ ಹಸಿ ಕಲ್ಲಿನ ಹಾಗೆ ಹೊಳೆಯುತ್ತದೆ.

ಆಮೇಲೆ ಬತ್ತೆಸ್ತಿ ಬಂದ. ನೋಡಿದವನೇ ನನ್ನ ಕೈ ಹಿಡಿದು ಕುಲುಕಿದ. ಮತ್ತೆ ಕಣ್ಣು ಕೆಳಗೆ ಇಳಿಯಿತು. ‘ನೋ, ನೋ, ಲಾ, ಲಾ’ ಅಂತ ಗೊತ್ತಿದ್ದ ಎಲ್ಲ ಭಾಷೆಯಲ್ಲಿ ಬೇಡ ಅಂದ. ಬಾವುಟ ಅಂದರೆ ಸರಕಾರದ ಲೆಕ್ಕದಲ್ಲಿ ಬರೆದಿಟ್ಟದ್ದು, ತಲೆ ಮಾತ್ರ, ಒಂದು ನೂಲು ಹೆಚ್ಚಿಲ್ಲ ಕಡಿಮೆಯಿಲ್ಲ. ಸಭೆಯವರ ಎದುರು ತನ್ನ ಮಾನ ಹೋಗುತ್ತದೆ ಅಂದ.

ಅವನ ಜೊತೆಗೆ ಕ್ಯಾಂಪಿನ ಡ್ರೈವರ್ ಅಬ್ದುಲ್ ಹಕೀಮ್ ಬಂದಿದ್ದ. ಮೊರೊಕ್ಕೋದವ, ಫ್ರೆಂಚೂ ಅರಬ್ಬಿಯೂ ಗೊತ್ತು. ನಾನು ಅವನ ಹತ್ತಿರ ‘ಮೋರೆ ಚಂದ ಬಂದಿದೆಯಲ್ಲ’ ಅಂದೆ. ಅವನು ನನ್ನನ್ನೇ ನೋಡಿದ. ಮೈಮೂನ, ಮೋರಾ ಅಂದರೆ ಮೋರೆ ಅಲ್ಲ. ತೆಸ್ತಾ ಅಂದರೆ ತಲೆ. ಮೋರಾ ಅಂದರೆ ಆ ಕಡೆಯ ಮುಸಲ್ಮಾನ, ಹಕೀಮನ ಊರಿನ ಕಡೆಯವ. ಹಳೇ ಕಾಲದ ಯುದ್ಧದಲ್ಲಿ ಸೋತವರ ಕಡಿದ ತಲೆ ಅದು ಅಂದ. ‘ನಿನಗೆ ಗೊತ್ತಿಲ್ಲದೆ ಹೊಲಿದೆಯಾ ಅಥವಾ ಗೊತ್ತಿದ್ದೇ ಭುಜ ಇಟ್ಟೆಯಾ’ ಅಂತ ಕೇಳಿದ. ಎರಡು ತಿಂಗಳು ಮೋರೆ ಮೋರೆ ಅಂತ ಕುಣಿದೆನಲ್ಲ, ನನ್ನ ಮೋರೆಗಿಷ್ಟು!

ಬತ್ತೆಸ್ತಿಯ ಮಾತು ಬೇರೆ. ಅವರಿಗೆ ಅದು ಅವಮಾನದ ಗುರುತಲ್ಲವಂತೆ. ಮೊದಲು ಆ ಬಟ್ಟೆ ಕಣ್ಣಿನ ಮೇಲಿತ್ತಂತೆ. ಇನ್ನೂರು ವರ್ಷದ ಹಿಂದೆ ಅವರ ನಾಯಕನೊಬ್ಬ, ನಮ್ಮವರಿಗೆ ಇನ್ನು ಕಣ್ಣು ಕಾಣಲಿ ಅಂತ ಹಣೆಗೆ ಏರಿಸಿದನಂತೆ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಆ ಮನುಷ್ಯ ಕೆಟ್ಟವನಲ್ಲ.

ಏನೇ ಇರಲಿ, ಭುಜ ಬಿಚ್ಚಬೇಕು. ಬಿಚ್ಚು ಅಂತ ಅಝೀಝ್ ಸಾಹೇಬರ ಆರ್ಡರ್. ಅಂಚಿಗೆ ಜರಿಯ ಕುಚ್ಚು ಕಟ್ಟುವ ಕೆಲಸ ಬಾಕಿ ಇರುವುದರಿಂದ ಬಟ್ಟೆ ಜೂನ್ ಹತ್ತರವರೆಗೆ ಅಂಗಡಿಯಲ್ಲಿಯೇ ಇರುತ್ತದೆ. ನನ್ನ ಇಕಾಮಾ, ಇಲ್ಲಿ ಇರಲಿಕ್ಕೆ ಕೊಟ್ಟ ಪರವಾನಗಿ, ಜುಲೈಯಲ್ಲಿ ಮುಗಿಯುತ್ತದೆ, ವೀಸಾ ಕೊಟ್ಟ ಅರಬ್ಬಿ ಕಫೀಲನ ಹತ್ತಿರ ಹೊಸತು ಮಾಡಿಸಿ ಕೊಡಬೇಕಾದವರು ಇದೇ ಅಝೀಝ್ ಸಾಹೇಬರು. ಮಾಸ್ಟರ್ ಅಂತ ಬರೆಸುತ್ತೇನೆ ಅಂದಿದ್ದಾರೆ. ನಾಳೆ ಕೂತು ಬಿಚ್ಚುತ್ತೇನೆ. ನಿನಗೆ ಬೇಜಾರಾಗುತ್ತದೆ, ಗೊತ್ತು. ಒಂದು ಭುಜಕ್ಕೆ ಇಷ್ಟು ಎಂತಕ್ಕೆ? ನೀನು ಸುಮ್ಮನೆ ಸೇರಿಸಿದ್ದಲ್ವಾ?

ಮೊಯ್ದು

---

ಉಳ್ಳಾಲ
2-5-1987

ಮೊಯ್ದು ಅವರಿಗೆ,

ರಂಜಾನಿನ ನೋಂಬು ಹಿಡಿದು ಮೂರು ದಿನ ಆಯಿತು. ನೋಂಬಿನ ಬಾಯಿಯಲ್ಲಿ ಬೈಯಬಾರದು. ಅದಕ್ಕೆ ಸಂಜೆ ಮಗ್ರಿಬ್ ಬಾಂಗಿಗೆ ನೋಂಬು ತೊರೆದು, ನೀರು ಕುಡಿದು, ಬೈಯಲಿಕ್ಕೆ ಅಂತಲೇ ಕೂತಿದ್ದೇನೆ.

ನಿಮ್ಮ ಕಾಗದ ಬಂದು ಹತ್ತು ದಿನ ಆಯಿತು. ಅದೇ ವಾರ ಝುಬೈದಾಳಿಗೂ ಅಬ್ದುಲ್ಲ ಕುಂಞಿಯ ಕಾಗದ ಬಂತು. ಅವಳು ಓಡಿ ಬಂದು ಓದಿ ಹೇಳಿದಳು. ‘ನಮ್ಮ ಮೊಯ್ದುವಿಗೆ ಚಿನ್ನದ ಕೈ. ಬಾವುಟ ಯಾರು ಹೊಲಿದದ್ದು ಅಂತ ಸಾಹೇಬ ಕೇಳಿದ್ದಕ್ಕೆ ನಾನೇ ಅಂದ. ಎಲ್ಲರೂ ಕೈ ಕುಲುಕಿದರು.’ ಹೌದಾ ಚಿನ್ನದ ಕೈಯವರೇ? ಐದು ವಾರ ಕಿಟಕಿಯ ಹತ್ತಿರ ಕೂತು ಬೆನ್ನು ಬಗ್ಗಿದ್ದು ನಿಮ್ಮದಾ? ಗಿರಾಕಿಗಳು ಹಾಗೆಲ್ಲ ಕೇಳುವುದಿಲ್ಲ ಅಂತ ಬರೆದಿದ್ದಿರಿ. ಕೇಳಿದನಲ್ಲ!

ಹೋಗಲಿ, ಕೈ ನಿಮ್ಮದೇ ಆಗಲಿ. ಮೋರೆ ಯಾರದ್ದು ಅಂತ ಹೇಳಿದಿರಾ?

ನನ್ನ ಬಾಪನದ್ದು. ನೀವು ಗುರುತು ಹಿಡಿಯುತ್ತೀರಿ ಅಂತ ನಾನು ಕಾದಿದ್ದೆ. ಮೂಗಿನ ಏಣು ಅಂತ ಬರೆದಿರಿ, ಕೆನ್ನೆ ಅಂತ ಬರೆದಿರಿ, ಯಾರ ಮೂಗು ಅಂತ ಹೊಳೆಯಲಿಲ್ಲ. ಹಣೆಯಲ್ಲಿ ಇರುವುದು ಬಾಪ ತೀರಿಹೋದ ದಿನ ಗೋಡೆಯ ಮೊಳೆಯಲ್ಲಿ ಉಳಿದಿದ್ದ ಅವರ ಮುಂಡಾಸಿನ ತುಂಡು. ನಲವತ್ತು ವರ್ಷ ಬಂದರಿನಲ್ಲಿ ಮೂಟೆ ಹೊತ್ತು ಅವರ ಬಲಭುಜ ಇಳಿದುಹೋಗಿತ್ತು. ಸುಮ್ಮನೆ ಸೇರಿಸಿದ್ದಲ್ವಾ ಅಂತ ಕೇಳುತ್ತೀರಲ್ಲ, ಸುಮ್ಮನೆ ಅಂತೆ!

ಇವತ್ತಿನವರೆಗೆ ನಾನು ಎತ್ತದ ಮಾತು ಎತ್ತುತ್ತೇನೆ. ನಮ್ಮ ನಿಕಾಹಿನ ದಿನ ಬಾಪ ಒಗೆದು ನೀಲಿ ಹಾಕಿದ ಅಂಗಿ ಹಾಕಿ, ಹೊಸ ಮುಂಡಾಸು ಕಟ್ಟಿ ನಿಮ್ಮ ಅಂಗಳಕ್ಕೆ ಬಂದಿದ್ದರು. ಮದುಮಗಳ ಅಪ್ಪ. ಆಗ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳ ಗಾಡಿ ಬಂತು. ನಿಮ್ಮ ಉಮ್ಮ ಒಳಗಿನಿಂದ ‘ಆ ಹಮಾಲಿ ಅಲ್ಲಿ ನಿಂತಿದ್ದಾನಲ್ಲ, ಮುಡಿ ಇಳಿಸಲಿಕ್ಕೆ ಹೇಳಿ’ ಅಂದರು. ಬಾಪ ಹನ್ನೆರಡು ಮುಡಿ ಇಳಿಸಿದರು. ಆ ನೀಲಿ ಹಾಕಿದ ಅಂಗಿಯಲ್ಲಿ. ನಾನು ಕಿಟಕಿಯ ಒಳಗೆ ಇದ್ದೆ. ನೀವು ಚಪ್ಪರದಲ್ಲಿ ಇದ್ದಿರಿ, ನೋಡಿದಿರಿ, ಆಮೇಲೆ ನಿಮ್ಮ ಟೊಪ್ಪಿ ಸರಿ ಮಾಡಿಕೊಂಡಿರಿ.

ಅದರ ನಂತರ ಬಾಪ ನನ್ನನ್ನು ನೋಡಲಿಕ್ಕೆ ಎಷ್ಟು ಸಲ ಬಂದಿದ್ದಾರೆ? ಬಂದಾಗಲೆಲ್ಲ ಮೆಟ್ಟಿಲಲ್ಲಿ ಕೂತು ಹೋದರು. ಚಾವಡಿಯಲ್ಲಿ ನಿಮ್ಮ ಬಾಪನ ಆ ಒಂದು ತೇಗದ ಕುರ್ಚಿ ಖಾಲಿ ಇರುತ್ತಿತ್ತು. ಕೂತುಕೊಳ್ಳಿ ಅಂತ ಈ ಮನೆಯಲ್ಲಿ ಒಬ್ಬರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಆಗ ಹದಿನೇಳು, ಹೆದರಿಕೆ ಇತ್ತು. ಈಗ ಇಲ್ಲ.

ಹಮಾಲಿಯನ್ನು ಬಾವುಟ ಮಾಡಿದ ಊರು ಅಂತ ನಂಬಿ ನನ್ನ ಬಾಪನನ್ನು ಅಲ್ಲಿಗೆ ಕಳಿಸಿದೆ. ಕಡಿದ ತಲೆ ಅಂತ ನೀವು ಈಗ ಹೇಳುತ್ತೀರಿ. ಬತ್ತೆಸ್ತಿಯವರ ನಾಯಕ ಕಣ್ಣಿನ ಬಟ್ಟೆ ಮೇಲೆ ಏರಿಸಿದ್ದು ಒಳ್ಳೆಯದೇ, ಅಲ್ಲಾಹ್ ಅವನಿಗೆ ಪ್ರತಿಫಲ ಕೊಡಲಿ. ಆದರೆ ಕಣ್ಣು ಬಿಟ್ಟು ಆ ತಲೆ ನೋಡಬೇಕಾದದ್ದು ಎಂತ? ತನ್ನ ಮೈ ಎಲ್ಲಿ ಅಂತಲಾ?

ಕೇಳಿ. ಭುಜದ ಒಂದು ನೂಲು ಬಿಚ್ಚಬೇಡಿ. ಬಿಚ್ಚಿ ಆಗಿದ್ದರೆ ಮಾಸ್ಟರ್ ಆಗಿ ಅಲ್ಲಿಯೇ ಇರಿ. ಬಾಪನ ಕುತ್ತಿಗೆಗೆ ಕತ್ತರಿ ಹಾಕಿದ ಕೈಗೆ ಅನ್ನ ಬಡಿಸಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ.

ಅಲಿಯಬ್ಬನ ಮಗಳು ಮೈಮೂನತ್

---

ಜಿದ್ದಾ
15-5-1987, ಶುಕ್ರವಾರ

ಮೈಮೂನ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ನಾನು ಏಪ್ರಿಲ್ ಹನ್ನೊಂದಕ್ಕೇ ಬಿಚ್ಚಿ ಆಗಿತ್ತು.

ಕತ್ತರಿ ಹಾಕಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ತೆಗೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಿಲ್ಲ, ಅದರಿಂದ ಎಂತ ಕಡಿಮೆಯಾಗುವುದಿಲ್ಲ.

ಹೊಲಿದದ್ದು ನಾನೇ ಅಂತ ಹೇಳಿದ್ದು ಹೌದು. ಬತ್ತೆಸ್ತಿ ಸಾಹೇಬ ಕೈ ಹಿಡಿದು ಅರಬ್ಬಿಯಲ್ಲಿ ‘ಇಂತ, ಇಂತ?’ ಅಂದ, ನೀನಾ, ನೀನಾ ಅಂತ. ಎಂಟು ವರ್ಷದಲ್ಲಿ ಈ ಊರಲ್ಲಿ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಹೌದು ಅಂತ ಬಾಯಿಗೆ ಬಂತು, ನುಂಗಲಿಲ್ಲ.

ಚಪ್ಪರದ ದಿನ ನಾನು ನೋಡಿದ್ದೂ ಹೌದು. ಹನ್ನೆರಡು ಅಲ್ಲ, ಹದಿಮೂರು ಮುಡಿ. ಕೊನೆಯದನ್ನು ಇಳಿಸಿ ಅವರು ನನ್ನ ಕಡೆ ತಿರುಗಿದರು. ನಾನು ಎಣಿಸಿದ್ದೆ ಮೈಮೂನ, ಎಣಿಸುತ್ತಾ ಕೂತಿದ್ದೆ. ಎದ್ದು ನಿಲ್ಲಲಿಲ್ಲ.

ಇನ್ನು ಬರೆಯಲಿಕ್ಕೆ ಆಗುವುದಿಲ್ಲ.

ಮೊಯ್ದು

---

ಉಳ್ಳಾಲ
27-5-1987

ಬಿಚ್ಚಿದ ದಾರ ಬಿಸಾಡಿದ್ದೀರಾ, ಇಟ್ಟಿದ್ದೀರಾ?

ಮೈ.

---

ಜಿದ್ದಾ
12-6-1987, ಶುಕ್ರವಾರ

ಮೈಮೂನತಿಗೆ ಸಲಾಂ.

ಇಟ್ಟಿದ್ದೇನೆ. ಹಾಲಿನ ಪುಡಿಯ ಡಬ್ಬದಲ್ಲಿ ಹಾಕಿ ನನ್ನ ಮಂಚದ ಕೆಳಗೆ ಇಟ್ಟಿದ್ದೆ. ನಿನ್ನ ಒಂದು ಸಾಲಿನ ಕಾಗದ ಕೈಗೆ ಸಿಕ್ಕಿದಾಗ ಅದೇ ದಾರದಿಂದ ನಾನು ಪುನಃ ಹೊಲಿಯುತ್ತಿದ್ದ ಎಡಭುಜ ಮುಗಿದು ಬಲಭುಜ ಅರ್ಧ ಆಗಿತ್ತು. ನೀನು ಕೇಳಿದ್ದಕ್ಕೆ ಹೊಲಿದದ್ದಲ್ಲ ಅಂತ ತಿಳಿಯಲಿ ಅಂತ ಬರೆದೆ.

ನೋಂಬು ಮುಗಿದ ಪೆರ್ನಾಳ್ ಹಬ್ಬದ ಎರಡು ರಜೆಯಲ್ಲಿ ಶುರು ಮಾಡಿದೆ. ಕುಚ್ಚು ಕಟ್ಟಲಿಕ್ಕೆ ಅಂತ ಬಟ್ಟೆಯನ್ನು ರೂಮಿಗೆ ತಂದಿದ್ದೆ. ರೂಮಿನವರೆಲ್ಲ ಕಡಲ ತೀರಕ್ಕೆ ಹೋದರು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಅದೇ ದಾರ, ನಿನ್ನ ಸೂಜಿಯ ತೂತು ಅಲ್ಲಲ್ಲಿ ಕಾಣುತ್ತಿತ್ತು. ಇಸ್ತ್ರಿ ಹಾಕಿದ ಕಡೆ ತೂತು ಮುಚ್ಚಿಹೋಗಿತ್ತು. ಅಲ್ಲಿ ನನ್ನ ನೆನಪಿನಿಂದ ಹೊಲಿದೆ. ಮುಡಿ ಇಳಿಸಿ ಬಾಪ ನನ್ನ ಕಡೆ ತಿರುಗಿ ನಿಂತದ್ದು ಹೇಗೆ ಅಂತ ನನಗೆ ಗೊತ್ತುಂಟು. ಬೆರಳಿಗೆ ಹನ್ನೊಂದು ಸಲ ಚುಚ್ಚಿಕೊಂಡೆ. ನೀನು ಐದು ವಾರ ಎಂತ ಮಾಡಿದೆ ಅಂತ ಒಂಬತ್ತು ದಿನದಲ್ಲಿ ತಿಳಿಯಿತು.

ಮೊನ್ನೆ ಬುಧವಾರ ಕ್ಯಾಂಪಿಗೆ ನಾನೇ ತೆಗೆದುಕೊಂಡು ಹೋದೆ. ಮಡಚಿ ಇದ್ದದ್ದರಿಂದ ಯಾರೂ ನೋಡಲಿಲ್ಲ. ಹಕೀಮನಿಗೆ ಮಾತ್ರ ಹೇಳಿದ್ದೆ. ಅವನು ಏಣಿ ತಂದು ಗೋಡೆಗೆ ಇಟ್ಟು ಕೆಳಗಿನಿಂದ ಹಿಡಿದುಕೊಂಡ. ಊಟದ ಹಾಲಿನ ದೊಡ್ಡ ಗೋಡೆಯಲ್ಲಿ ಕಟ್ಟಿ ಇಳಿಸಿದೆ. ಅಷ್ಟರಲ್ಲಿ ಬತ್ತೆಸ್ತಿ, ಅಝೀಝ್ ಸಾಹೇಬರು, ಆ ಮೂವರು, ಎಲ್ಲ ಒಳಗೆ ಬಂದರು.

ಬತ್ತೆಸ್ತಿಯ ಮುಖ ಕೆಂಪಾಯಿತು. ಇದು ನಮ್ಮ ಬಾವುಟ ಅಲ್ಲ, ಇಳಿಸು, ಯಲ್ಲಾ, ಅಂತ ಕೂಗಿದ. ನಾನು ಏಣಿ ಇಳಿದು ಬಂದೆ. ಹಕೀಮನ ಹತ್ತಿರ ‘ನಾನು ಹೇಳಿದ್ದನ್ನು ಹಾಗೆಯೇ ಅವರ ಭಾಷೆಯಲ್ಲಿ ಹೇಳು, ಒಂದು ನೂಲು ಹೆಚ್ಚಿಲ್ಲ ಕಡಿಮೆಯಿಲ್ಲ’ ಅಂದೆ. ಹೇಳಿದ್ದು ಇಷ್ಟು.

‘ಸಾಹೇಬ್, ನಾನು ಸುಳ್ಳು ಹೇಳಿದ್ದೆ. ಹೊಲಿದದ್ದು ನಾನಲ್ಲ. ನನ್ನ ಹೆಂಡತಿ ಮೈಮೂನತ್, ಮಂಗಳೂರು ಬಂದರಿನ ಹಮಾಲಿ ಅಲಿಯಬ್ಬನ ಮಗಳು. ಭುಜ ಮಾತ್ರ ಎರಡನೇ ಸಲ ನಾನು ಹೊಲಿದದ್ದು, ಅದಕ್ಕೇ ಅಷ್ಟು ಕೆಟ್ಟದಾಗಿದೆ. ಇನ್ನೂರು ವರ್ಷದ ಹಿಂದೆ ನಿಮ್ಮವರು ಇವರ ಕಣ್ಣಿನ ಬಟ್ಟೆ ಮೇಲೆ ಮಾಡಿದರು. ಈ ವರ್ಷ ನನ್ನ ಹೆಂಡತಿ ಭುಜ ಕೊಟ್ಟಳು. ಇನ್ನು ಕೈ ಬರಲಿಕ್ಕೆ ಎಷ್ಟು ವರ್ಷ ಬೇಕು ಅಂತ ನೀವು ಲೆಕ್ಕ ಹಾಕಿ.’

ಹಕೀಮ್ ಪ್ರತಿಯೊಂದು ಮಾತನ್ನೂ ಹೇಳಿದ. ಕೊನೆಯದನ್ನು ಎರಡು ಸಲ ಹೇಳಿದ ಅಂತ ನನಗೆ ಅನುಮಾನ. ಸಭೆಯ ಮೂವರಲ್ಲಿ ಒಬ್ಬಳು ಮುದುಕಿ ಇದ್ದಳು. ಅವಳು ಗೋಡೆಯ ಹತ್ತಿರ ಹೋಗಿ ಇಳಿದ ಭುಜವನ್ನು ಬೆರಳಿನಿಂದ ಮುಟ್ಟಿ, ತನ್ನ ಅಪ್ಪನೂ ಬಂದರಿನಲ್ಲಿ ಮೂಟೆ ಹೊತ್ತವ ಅಂದಳು. ಅಷ್ಟೇ. ಅದರಿಂದ ಎಂತ ಬದಲಾಗಲಿಲ್ಲ. ಬತ್ತೆಸ್ತಿ ತಲೆ ಅಲ್ಲಾಡಿಸಿ, ಈ ಸಲ ಮೆಲ್ಲಗೆ, ‘ಇದು ನಮ್ಮದಲ್ಲ’ ಅಂದ.

‘ಹೌದು ಸಾಹೇಬ್, ಇದು ನಿಮ್ಮದಲ್ಲ. ಕೊಡಿ ಇತ್ತ’ ಅಂದೆ. ಏಣಿ ಹತ್ತಿ ಇಳಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದೆ. ಅವರು ಕಾಗದದ ಬಾವುಟ ಅಂಟಿಸಿ ಊಟಕ್ಕೆ ಕೂತರು.

ಅಝೀಝ್ ಸಾಹೇಬರು ಬಾಗಿಲ ಹತ್ತಿರವೇ ಹೇಳಿಬಿಟ್ಟರು. ಇಕಾಮಾ ಹೊಸತು ಮಾಡಿಸುವುದಿಲ್ಲ, ಊರಿಗೆ ಹೋಗಿ ಹೆಂಡತಿಯ ಹತ್ತಿರ ಹೊಲಿಗೆ ಕಲಿ ಅಂತ. ಅದೇ ಮಾಡುತ್ತೇನೆ ಸಾಹೇಬರೇ ಅಂದೆ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿದ್ದು, ನಾಲಿಗೆಗೆ ಬೆಲ್ಲ ಇಟ್ಟ ಹಾಗಾಯಿತು.

ನನ್ನ ಕಾಗದಪತ್ರ ಆಗುವಾಗ ಜುಲೈ ಅರ್ಧ ಕಳೆಯಬಹುದು. ಬಾಪ ಅಷ್ಟು ದಿನ ಇಲ್ಲಿ ಕಾಯುವುದು ಬೇಡ. ನಾಡಿದ್ದು ಊರಿಗೆ ಹೊರಟ ಕೋಟೆಪುರದವರೊಬ್ಬರ ಕೈಯಲ್ಲಿ ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ. ಅನ್ನ ಬಡಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಮೊಯ್ದು

---

ಉಳ್ಳಾಲ
24-6-1987

ನಿಮಗೆ ಮೈಮೂನತ್ ಮಾಡುವ ಸಲಾಂ.

ಬಾಪ ಬಂದು ತಲುಪಿದರು.

ನಿಮ್ಮ ಹೊಲಿಗೆ ಕೋಳಿ ಕೆದರಿದ ಹಾಗೆ ಉಂಟು. ಎಡಭುಜದಲ್ಲಿ ಮೂರು ಕಡೆ ಗಂಟು ಎದ್ದಿದೆ. ನಾನು ಅದನ್ನು ಬಿಚ್ಚುವುದಿಲ್ಲ, ಹಾಗೆಯೇ ಇರಲಿ. ಬಲಭುಜ ಎಲ್ಲಿ ಇಳಿಯಬೇಕೋ ಸರಿಯಾಗಿ ಅಲ್ಲಿಗೆ ಇಳಿದಿದೆ. ನಾನು ಹೊಲಿದದ್ದಕ್ಕಿಂತ ಒಂದು ಬೆರಳು ಹೆಚ್ಚು ಇಳಿದಿದೆ, ಅದೇ ಸರಿ. ನಾನು ಮಗಳಲ್ವಾ, ಸ್ವಲ್ಪ ಎತ್ತಿ ಹೊಲಿದಿದ್ದೆ.

ಕಟ್ಟು ಬಿಚ್ಚುವಾಗ ನಿಮ್ಮ ಉಮ್ಮ ಬಂದರು. ಈ ಸಲ ಪಿಶಾಚಿ ಅನ್ನಲಿಲ್ಲ. ತುಂಬ ಹೊತ್ತು ನೋಡಿ ‘ಇದು ಅವತ್ತು ಮುಡಿ ಇಳಿಸಿದವನಲ್ವಾ’ ಅಂದರು. ನಾನು ಹೇಳಿರಲಿಲ್ಲ. ಭುಜ ನೋಡಿ ಹೇಳಿದ್ದು. ಹೌದು ಮಾಮಿ, ನನ್ನ ಬಾಪ ಅಂದೆ.

ಅದನ್ನು ಚಾವಡಿಗೆ ತೆಗೆದುಕೊಂಡು ಹೋಗುವಾಗ ಅವರಿಗೆ ಸಿಟ್ಟು ಬಂತು. ‘ನಮಾಝ್ ಮಾಡುವ ಮನೆಯಲ್ಲಿ ಮೋರೆ ನೇತು ಹಾಕುತ್ತೀಯಾ?’ ಅಂತ ಕೇಳಿದರು.

‘ನೇತು ಹಾಕುವುದಿಲ್ಲ ಮಾಮಿ, ಕೂರಿಸುತ್ತೇನೆ’ ಅಂದೆ.

ತೇಗದ ಕುರ್ಚಿಯ ಬೆನ್ನಿಗೆ ಹೊದಿಸಿದ್ದೇನೆ. ಸರಿಯಾಗಿ ಹಿಡಿಯುತ್ತದೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ನಮಾಝಿನ ಹೊತ್ತಿಗೆ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಡುತ್ತೇನೆ. ಮೊದಲ ದಿನ ನಿಮ್ಮ ಉಮ್ಮ ಊಟ ಮಾಡಲಿಲ್ಲ. ಮೂರನೇ ದಿನ ಕುರ್ಚಿಯ ಕೆಳಗೆ ಕಸ ಗುಡಿಸುವಾಗ ಬಟ್ಟೆ ನೆಲಕ್ಕೆ ತಾಗಬಾರದು ಅಂತ ಅವರೇ ಅಂಚು ಎತ್ತಿ ಹಿಡಿದರು. ನಾನು ನೋಡದ ಹಾಗೆ ಇದ್ದೆ.

ಮಾಸ್ಟರ್ ಕೆಲಸ ಹೋಯಿತು ಅಂತ ತಲೆ ಬಿಸಿ ಮಾಡಬೇಡಿ. ಟೊಪ್ಪಿಗೆ ಆರ್ಡರ್ ಉಂಟು, ಕಾಜಾ ಹೊಲಿಯಲಿಕ್ಕೆ ಜನ ಬೇಕು.

ಬನ್ನಿ, ಅನ್ನ ಬಡಿಸುತ್ತೇನೆ. ಮನೆಯಲ್ಲಿ ಕುರ್ಚಿ ಒಂದೇ ಅಂತ ನಿಮಗೆ ಗೊತ್ತುಂಟಲ್ಲ. ಅದರಲ್ಲಿ ಜನ ಇದ್ದಾರೆ. ನೀವು ಚಾಪೆಯಲ್ಲಿ ಕೂರಬೇಕು.

ಮೈಮೂನತ್